ಮೋನೋ ರೆಕಾರ್ಡಿಂಗಿಗೆ ಸ್ಟೀರಿಯೋ ಹರವು: ಯಾವ ದಾರಿ ಯಾರಿಗೆ?

ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡವರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ. "ಹೆಡ್‌ಫೋನ್ ಹಾಕಿದರೆ ಗಾಯಕರು, ಪಿಟೀಲು, ಮೃದಂಗ ಎಲ್ಲಾ ತಲೆಯ ನಡುವೆ ಒತ್ತಿಕೊಂಡು ಕೂತ ಹಾಗಿದೆ. ಸ್ವಲ್ಪ ಅಗಲ ಮಾಡೋಕಾಗಲ್ವಾ?" ಒಬ್ಬರು ಡಿಲೇ (ಸದ್ದನ್ನು ಕೊಂಚ ತಡಮಾಡುವುದು) ಹಾಕಿ ಅನ್ನುತ್ತಾರೆ. ಇನ್ನೊಬ್ಬರು ರಿವರ್ಬ್ (ಕೋಣೆಯ ಪ್ರತಿಧ್ವನಿ ಸೇರಿಸುವುದು) ಅನ್ನುತ್ತಾರೆ. ಈಗಂತೂ ಎಲ್ಲದಕ್ಕೂ ಎಐ ಇದೆ. ಯಾವುದನ್ನು ಹಿಡಿಯಬೇಕು ಅನ್ನೋದೇ ಗೊಂದಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಾವ ದಾರಿಯಿಂದಲೂ ನಿಜವಾದ ಸ್ಟೀರಿಯೋ, ಅಂದರೆ ಎಡ-ಬಲಕ್ಕೆ ಬೇರೆ ಬೇರೆಯಾಗಿ ಹಿಡಿದ ಸದ್ದು, ಸಿಗುವುದಿಲ್ಲ. ಪಕ್ಕದಿಂದ ಬಂದ ಸದ್ದು ದೂರದ ಕಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ, ಸ್ವಲ್ಪ ಮೆತ್ತಗೆ ತಲುಪುತ್ತದೆ. ಆ ಸಣ್ಣ ವ್ಯತ್ಯಾಸದಿಂದಲೇ ನಮಗೆ ದಿಕ್ಕು ಗೊತ್ತಾಗೋದು. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದೂ ಈ ವ್ಯತ್ಯಾಸವನ್ನು ಎರಡು ಚಾನೆಲ್ಲಿನಲ್ಲಿ ಹಿಡಿದಿಡುವುದಕ್ಕೆ. ಒಂದೇ ಮೈಕಿನಲ್ಲಿ, ಒಂದೇ ಚಾನೆಲ್ಲಿನಲ್ಲಿ ಹಿಡಿದ ಮೋನೋ ರೆಕಾರ್ಡಿಂಗಿನಲ್ಲಿ ಅದು ಇಲ್ಲವೇ ಇಲ್ಲ. ಪಿಟೀಲಿನವರು ಎಡಕ್ಕೆ ಕೂತಿದ್ದರೋ ಬಲಕ್ಕೋ ಅಂತ ಟೇಪಿಗೆ ಗೊತ್ತಿಲ್ಲ. ನಾವು ಮಾಡಬಹುದಾದದ್ದು ಹರವಿನ ಭ್ರಮೆ ಮಾತ್ರ. ಅದೂ ಕಮ್ಮಿ ಏನಲ್ಲ.

ಮೊದಲು ನಿಮ್ಮ ಫೈಲನ್ನು ಪರೀಕ್ಷಿಸಿ

ಒಂದು ಕಿವಿಯಲ್ಲಿ ಮಾತ್ರ ಸದ್ದು ಬರುತ್ತಿದ್ದರೆ ನಿಮಗೆ ಸ್ಟೀರಿಯೋ ಉಪಾಯ ಬೇಕಾಗಿಲ್ಲ. ಅದು ವೈರಿನ ತೊಂದರೆ. ಟೇಪ್ ರೆಕಾರ್ಡರಿನಿಂದ ಮೋನೋ ಪಿನ್ನಿನ ವೈರ್ ಎಳೆದು ಸ್ಟೀರಿಯೋ ಫೈಲ್ ಮಾಡಿದಾಗ ಬಲಗಡೆ ಖಾಲಿ ಉಳಿಯುತ್ತದೆ. ಆಡಾಸಿಟಿ ಅನ್ನುವ ಪುಕ್ಕಟೆ ಸದ್ದು-ತಿದ್ದುವ ಸಾಫ್ಟ್‌ವೇರಿನಲ್ಲಿ ಟ್ರ್ಯಾಕನ್ನು ಎರಡು ಮೋನೋ ಆಗಿ ಒಡೆದು, ಖಾಲಿ ಇರುವುದನ್ನು ಅಳಿಸಿದರೆ ಮುಗಿಯಿತು. ಎಸ್‌ಪಿ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಅಡಾಪ್ಟರುಗಳಲ್ಲಿ ಬಹುತೇಕಕ್ಕೆ ಇರುವುದು ಮೈಕ್ ಇನ್‌ಪುಟ್, ಅದೂ ಮೋನೋ. ನಿಮ್ಮ ಕ್ಯಾಸೆಟ್ ಕಂಪನಿಯಿಂದ ಬಂದ ಸ್ಟೀರಿಯೋ ಕ್ಯಾಸೆಟ್ಟೇ ಆಗಿದ್ದು, ಅಡಾಪ್ಟರಿನಿಂದ ಮೋನೋ ಆಗಿರಬಹುದು. ಹಾಗಿದ್ದರೆ ಎರಡು ಚಾನೆಲ್ಲಿನ ಲೈನ್ ಇನ್ (ಟೇಪ್ ಡೆಕ್ಕಿನ ಸದ್ದು ಒಳಬರುವ ಕಿಂಡಿ) ಇರುವ ಅಡಾಪ್ಟರ್ ತಂದು ಮತ್ತೆ ಇಳಿಸಿಕೊಳ್ಳುವುದೇ ಸರಿ. ಅದರ ಮುಂದೆ ಯಾವ ಸಾಫ್ಟ್‌ವೇರೂ ನಿಲ್ಲುವುದಿಲ್ಲ.

ಉಲ್ಟಾನೂ ಆಗುತ್ತದೆ. ಮೋನೋ ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟನ್ನು ಸ್ಟೀರಿಯೋ ಡೆಕ್ಕಿನಲ್ಲಿ ಹಾಕಿದರೆ ಎರಡು ಚಾನೆಲ್ ಬರುತ್ತವೆ. ಹಾಡು ಎರಡರಲ್ಲೂ ಒಂದೇ, ಆದರೆ ಟೇಪಿನ ಸುಯ್ ಸದ್ದು ಬೇರೆ ಬೇರೆ. ಹೆಡ್‌ಫೋನಿನಲ್ಲಿ ಕೇಳಿದರೆ ಏನೋ ಅಗಲ ಇದೆ ಅನ್ನಿಸುತ್ತದೆ, ಆದರೆ ಅಗಲ ಇರುವುದು ಸುಯ್ ಸದ್ದಿಗೆ ಮಾತ್ರ. ಡೆಕ್ಕಿನ ಹೆಡ್ (ಟೇಪನ್ನು ಓದುವ ಭಾಗ) ಓರೆಯಾಗಿಲ್ಲದಿದ್ದರೆ ಎರಡನ್ನೂ ಕೂಡಿಸಿ ಮೋನೋ ಮಾಡಿ. ಹಾಡಿಗೆ ಹೋಲಿಸಿದರೆ ಸುಯ್ ಸದ್ದು 3 ಡೆಸಿಬಲ್ ತಗ್ಗುತ್ತದೆ. ಕೂಡಿಸಿದಾಗ ಹಾಡು ಮಂಕಾದರೆ ಹೆಡ್ ಓರೆಯಾಗಿದೆ ಅಂತ ಅರ್ಥ. ಆಗ ಚೆನ್ನಾಗಿರುವ ಒಂದು ಚಾನೆಲ್ಲನ್ನು ಮಾತ್ರ ಇಟ್ಟುಕೊಳ್ಳಿ. ಇಷ್ಟಾದ ಮೇಲೆ ಹರವಿನ ಮಾತು.

ಯಾವುದರ ಮೇಲೆ ಅಳೆಯಬೇಕು?

ಎಲ್ಲಿ ಕೇಳುತ್ತೀರಿ ಅನ್ನುವುದು ಒಂದು. ಮೆಟ್ರೋದಲ್ಲಿ ಇಯರ್‌ಫೋನ್, ಮನೆಯಲ್ಲಿ ಎರಡು ಸ್ಪೀಕರ್, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಾರು, ಅಡುಗೆಮನೆಯಲ್ಲಿ ಪುಟ್ಟ ಬ್ಲೂಟೂತ್ ಸ್ಪೀಕರ್, ನಾಲ್ಕೂ ನಾಲ್ಕು ಥರ. ಏನನ್ನು ಕೇಳುತ್ತೀರಿ ಅನ್ನುವುದು ಇನ್ನೊಂದು: ಮಾತೋ, ಸಂಗೀತ ಕಚೇರಿಯೋ, ಸಿನಿಮಾ ಹಾಡೋ. ದುಡ್ಡಿನ ಲೆಕ್ಕ ಇಲ್ಲಿ ಅಷ್ಟು ದೊಡ್ಡದಲ್ಲ, ಯಾಕೆಂದರೆ ಬೇಕಾದ ಸಾಫ್ಟ್‌ವೇರ್ ಬಹುತೇಕ ಪುಕ್ಕಟೆ. ಖರ್ಚಾಗೋದು ಹೊತ್ತು ಮತ್ತು ತಾಳ್ಮೆ.

ಎಲ್ಲಕ್ಕಿಂತ ಮುಖ್ಯವಾದ ಅಳತೆಯನ್ನು ಬಹಳ ಜನ ಮರೆಯುತ್ತಾರೆ: ನಿಮ್ಮ ಎರಡು ಚಾನೆಲ್ ಮತ್ತೆ ಒಂದಾದಾಗ ಏನಾಗುತ್ತದೆ? ಒಂದಾಗುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಒಂಟಿ ಬ್ಲೂಟೂತ್ ಸ್ಪೀಕರ್ ಎರಡನ್ನೂ ಕೂಡಿಸಿಬಿಡುತ್ತದೆ. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದ ಮೈಕ್ ಸೆಟ್ಟಿನಲ್ಲಿ ಬೀದಿಯುದ್ದಕ್ಕೂ ಸ್ಪೀಕರ್ ಇದ್ದರೂ ಸಾಮಾನ್ಯವಾಗಿ ಎಲ್ಲದರಲ್ಲೂ ಬರುವುದು ಒಂದೇ ಸದ್ದು. ಮನೆಯಲ್ಲಿ ಹೆಡ್‌ಫೋನಿನಲ್ಲಿ ಭರ್ಜರಿಯಾಗಿ ಕೇಳಿದ ಹಾಡು ಅಲ್ಲಿ ಡಬ್ಬಿಯೊಳಗಿಂದ ಬಂದ ಹಾಗಾದರೆ ಏನು ಚೆಂದ? ಹಾಗಾಗಿ ಈ ಅಳತೆಯಲ್ಲಿ ಸೋತ ಉಪಾಯಕ್ಕೆ ನನ್ನ ಹತ್ತಿರ ಬೇರೆ ರಿಯಾಯಿತಿ ಇಲ್ಲ.

ಒಂದು ಬದಿಗೆ ಡಿಲೇ

ಎಲ್ಲರೂ ಮೊದಲು ಕಲಿಯುವ ಉಪಾಯ ಇದು. ಟ್ರ್ಯಾಕಿನ ಎರಡು ಕಾಪಿ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು 10ರಿಂದ 25 ಮಿಲಿಸೆಕೆಂಡ್ ತಡ ಮಾಡಿ ಬಲಕ್ಕೆ. ಎರಡು ನಿಮಿಷದ ಕೆಲಸ. ಹೆಡ್‌ಫೋನಿನಲ್ಲಿ ಸದ್ದು ದಿಢೀರನೆ ಅಗಲವಾಗುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದರ ಹಿಂದಿನ ಗುಟ್ಟನ್ನು ಅಳೆದು ತೋರಿಸಿದರು. ಅಷ್ಟು ಬೇಗ ಬಂದ ಎರಡನೇ ಸದ್ದನ್ನು ಕಿವಿ ಪ್ರತಿಧ್ವನಿ ಅಂತ ಬೇರೆಯಾಗಿ ಕೇಳುವುದಿಲ್ಲ, ಮೊದಲನೆಯದರ ಜೊತೆ ಬೆರೆಸಿಕೊಳ್ಳುತ್ತದೆ. ದಿಕ್ಕನ್ನು ಮಾತ್ರ ಮೊದಲು ಬಂದದ್ದರಿಂದ ತಿಳಿಯುತ್ತದೆ.

ತೊಂದರೆ ಅಲ್ಲೇ ಶುರು. ಮೊದಲು ಬಂದದ್ದು ಎಡದ್ದು, ಹಾಗಾಗಿ ಗಾಯಕರೇ ಎಡಕ್ಕೆ ವಾಲುತ್ತಾರೆ. ಬಲಗಡೆ ಸದ್ದು ಏರಿಸಿ ಸರಿಮಾಡಿದರೆ ಆ ಕಡೆ ಭಾರವಾಗುತ್ತದೆ. ಡಿಲೇ 40 ಮಿಲಿಸೆಕೆಂಡ್ ದಾಟಿಸಿದರೆ ಮೃದಂಗದ ಪ್ರತಿ ಪೆಟ್ಟೂ ಎರಡೆರಡು ಸಲ ಕೇಳುತ್ತದೆ.

ಇನ್ನು ಎರಡೂ ಒಂದಾದಾಗ? 10 ಮಿಲಿಸೆಕೆಂಡ್ ಡಿಲೇ ಇದ್ದರೆ 50, 150, 250, 350 ಹರ್ಟ್ಸ್ ಹೀಗೆ ಪ್ರತಿ 100 ಹರ್ಟ್ಸಿಗೊಂದು ಕಡೆ ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ನಡುನಡುವೆ ದುಪ್ಪಟ್ಟಾಗುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ. ಕೆಲವು ಸ್ವರ ಮಾಯ, ಕೆಲವು ಕಿರುಚು. ಪೆಂಡಾಲಿನ ಡಬ್ಬಿ ಸದ್ದು ಬರುವುದು ಹೀಗೆಯೇ. ಇಯರ್‌ಫೋನ್ ಬಿಟ್ಟು ಬೇರೆ ಎಲ್ಲೂ ಕೇಳುವುದೇ ಇಲ್ಲ ಅನ್ನುವವರು ಬೇಕಾದರೆ ಮಾಡಿಕೊಳ್ಳಲಿ. ಹಂಚುವ ಫೈಲಿಗೆ ಬೇಡ.

ಕೂಡಿಸಿ-ಕಳೆಯುವ ಡಿಲೇ

ಅದೇ ಡಿಲೇಯನ್ನು ಜಾಣತನದಿಂದ ಬಳಸುವ ದಾರಿ ಇದು. ಡೆನ್ಮಾರ್ಕಿನ ರೇಡಿಯೋದ ಹೋಲ್ಗರ್ ಲಾವ್ರಿಡ್ಸೆನ್ 1954ರಲ್ಲಿ ಇದನ್ನು ಬರೆದರು. 1958ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ ಇದರ ಬಗ್ಗೆ ಇನ್ನಷ್ಟು ಕೆಲಸ ಮಾಡಿದರು. ಲೆಕ್ಕ ಸುಲಭ. ಎಡಕ್ಕೆ ಮೂಲ ಸದ್ದಿನ ಜೊತೆ ಅದರ ತಡವಾದ ಕಾಪಿಯನ್ನು ಕೂಡಿಸಿ. ಬಲಕ್ಕೆ ಮೂಲ ಸದ್ದಿನಿಂದ ಅದೇ ಕಾಪಿಯನ್ನು ಕಳೆಯಿರಿ. ಎಡದಲ್ಲಿ ಯಾವ ಸ್ವರ ಏರುತ್ತದೋ ಬಲದಲ್ಲಿ ಅದು ಇಳಿಯುತ್ತದೆ. ಕಿವಿಗೆ ಅದು ಅಗಲ ಅನ್ನಿಸುತ್ತದೆ. ಎರಡೂ ಚಾನೆಲ್ ಒಂದಾದಾಗ ಕೂಡಿಸಿದ್ದೂ ಕಳೆದದ್ದೂ ವಜಾ ಆಗಿ, ಮೂಲ ಮೋನೋ ಹಾಗೇ ಉಳಿಯುತ್ತದೆ. ನನಗೆ ಈ ಉಪಾಯದ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಎಪ್ಪತ್ತು ವರ್ಷ ಹಳೇ ಲೆಕ್ಕ ಇವತ್ತಿನ ಬ್ಲೂಟೂತ್ ಡಬ್ಬಿಯಲ್ಲೂ ಮಾನ ಉಳಿಸುತ್ತದೆ.

ಆಡಾಸಿಟಿಯಲ್ಲಿ ಮಾಡುವುದು ಹೀಗೆ. ಮೂಲ ಟ್ರ್ಯಾಕನ್ನು ಮಧ್ಯದಲ್ಲೇ ಬಿಡಿ. ಅದರ ಒಂದು ಕಾಪಿ ಮಾಡಿ, ಶುರುವಿನಲ್ಲಿ 15 ಮಿಲಿಸೆಕೆಂಡ್ ಮೌನ ಸೇರಿಸಿ. ಆ ಕಾಪಿಯ ಸದ್ದನ್ನು 8 ಡೆಸಿಬಲ್ ಇಳಿಸಿ, ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ (ಸರಿಸಿ). ಈ ಕಾಪಿಗೆ ಇನ್ನೊಂದು ಕಾಪಿ ಮಾಡಿ, ಇನ್ವರ್ಟ್ (ಅಲೆಯನ್ನು ತಲೆಕೆಳಗು ಮಾಡುವುದು, ಕಳೆಯುವ ಕೆಲಸ ಇದರಿಂದಲೇ) ಕೊಟ್ಟು, ಪೂರ್ತಿ ಬಲಕ್ಕೆ ಹಾಕಿ. ಅಷ್ಟೇ. ಹರವು ಜಾಸ್ತಿ ಬೇಕಾದರೆ ಎರಡೂ ಕಾಪಿಗಳನ್ನು ಒಂದೇ ಸಮ ಏರಿಸಿ, ಕಮ್ಮಿ ಬೇಕಾದರೆ ಇಳಿಸಿ. ಎರಡರ ಮಟ್ಟ ಬೇರೆಯಾದರೆ ಲೆಕ್ಕ ತಪ್ಪುತ್ತದೆ.

ಒಂದು ಎಚ್ಚರ ಬೇಕು. ಕಾಪಿಗಳಲ್ಲಿ ಬಾಸ್ ಹಾಗೇ ಉಳಿಸಿದರೆ ತಗ್ಗಿನ ಸದ್ದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಡಕಲು ಆಗುತ್ತದೆ. ಹೆಡ್‌ಫೋನಿನಲ್ಲಿ ಕಿವಿಯನ್ನು ಒಳಕ್ಕೆ ಎಳೆದ ಹಾಗೆ ಅನ್ನಿಸುತ್ತದೆ. ಇನ್ವರ್ಟ್ ಕಾಪಿ ಮಾಡುವ ಮುಂಚೆಯೇ ಮೊದಲ ಕಾಪಿಗೆ 250 ಹರ್ಟ್ಸಿನ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವಂಥದ್ದು) ಕೊಡಿ. ತಂಬೂರಿಯ ಷಡ್ಜ, ಮೃದಂಗದ ಎಡಭಾಗದ ಗುಮುಕಿ ಮಧ್ಯದಲ್ಲೇ ಭದ್ರವಾಗಿ ಕೂರುತ್ತವೆ.

ಇದರ ಕೊರತೆಯೂ ಇದೆ. ಸದ್ದು ಅಗಲವಾಗುತ್ತದೆ, ಆದರೆ ಯಾವ ವಾದ್ಯವೂ ಒಂದು ಜಾಗದಲ್ಲಿ ಕೂರುವುದಿಲ್ಲ. ಎಲ್ಲವೂ ಮಂಜಿನ ಹಾಗೆ ಹರಡಿಕೊಂಡಿರುತ್ತವೆ. ಕಚೇರಿಗೆ ನಡೆಯುತ್ತದೆ. "ವೀಣೆ ಅಲ್ಲಿ, ಘಟ ಇಲ್ಲಿ" ಅಂತ ಬೆರಳು ತೋರಿಸಬೇಕು ಅನ್ನುವವರಿಗೆ ಸಾಲದು.

ಈಕ್ವಲೈಸರಿನಲ್ಲಿ ಸೀಳುವುದು

ತಗ್ಗಿನ, ಏರಿನ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ ಈಕ್ವಲೈಸರ್. ಅದರಿಂದ ತಗ್ಗಿನ ಸದ್ದು ಒಂದು ಕಡೆ, ಏರಿನ ಸದ್ದು ಇನ್ನೊಂದು ಕಡೆ. 1960ರ ದಶಕದಲ್ಲಿ ಸ್ಟೀರಿಯೋ ಎಲ್‌ಪಿಗಳು ಚೆನ್ನಾಗಿ ಮಾರಾಟವಾಗತೊಡಗಿದಾಗ ಕಂಪನಿಗಳು ತಮ್ಮ ಹಳೇ ಮೋನೋ ಸರಕಿಗೆ ಇದನ್ನೇ ಮಾಡಿದವು. ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್ 1961ರಲ್ಲಿ ಇದಕ್ಕೆ ಒಂದಿಷ್ಟು ಡಿಲೇಯನ್ನೂ ಸೇರಿಸಿ "ಡ್ಯುಯೊಫೋನಿಕ್" ಅಂತ ಹೆಸರಿಟ್ಟು ಮಾರಿತು. ಎಲ್‌ಪಿ ಸಂಗ್ರಹಿಸುವವರು ಇವತ್ತಿಗೂ ಆ ಪ್ರತಿಗಳನ್ನು ಬಿಟ್ಟು ಮೋನೋ ಪ್ರತಿಯನ್ನೇ ಹುಡುಕುತ್ತಾರೆ.

ನಮ್ಮ ಸಂಗೀತಕ್ಕೆ ಇದು ಇನ್ನೂ ಕೆಟ್ಟದ್ದು. ಆಲಾಪನೆ ಮಂದ್ರದಿಂದ ಶುರುವಾಗಿ ತಾರಸ್ಥಾಯಿಗೆ ಏರುತ್ತದೆ ತಾನೇ? ಗಾಯಕರು ಮಂದ್ರದಲ್ಲಿ ಎಡಗಡೆ ಕೂತು, ತಾರಕ್ಕೆ ಹೋಗುವಾಗ ಎದ್ದು ಬಲಗಡೆಗೆ ನಡೆದ ಹಾಗೆ ಕೇಳುತ್ತದೆ. ಮುಂದಕ್ಕೆ ಹೋಗೋಣ.

ರಿವರ್ಬ್

ಮೂಲ ಸದ್ದನ್ನು ಮಧ್ಯದಲ್ಲೇ ಬಿಟ್ಟು, ಅದರ ಸುತ್ತ ಒಂದು ಕೋಣೆಯನ್ನು ಕಟ್ಟುವುದು. ಕಿವಿಗೆ ಇದು ಸಹಜ ಅನ್ನಿಸುತ್ತದೆ, ಯಾಕೆಂದರೆ ಗೋಡೆಯಿಂದ ವಾಪಸ್ ಬರುವ ಸದ್ದು ನಿಜಕ್ಕೂ ಎರಡು ಕಿವಿಗೆ ಬೇರೆ ಬೇರೆಯಾಗಿಯೇ ಬರುತ್ತದೆ. ಗಾಯಕರು ಎಲ್ಲೂ ವಾಲುವುದಿಲ್ಲ. ಎರಡು ಚಾನೆಲ್ ಒಂದಾದರೆ ಕೋಣೆ ಸ್ವಲ್ಪ ಕಿರಿದಾಗುತ್ತದೆ, ಹಾಡು ಕೆಡುವುದಿಲ್ಲ.

ಮೋನೋ ಟ್ರ್ಯಾಕಿಗೆ ನೇರವಾಗಿ ರಿವರ್ಬ್ ಕೊಟ್ಟರೆ ಅದೂ ಮೋನೋನೇ ಆಗುತ್ತದೆ. ಮೊದಲು ಕಾಪಿ ಮಾಡಿ, ಎರಡನ್ನೂ ಸೇರಿಸಿ ಸ್ಟೀರಿಯೋ ಟ್ರ್ಯಾಕ್ ಮಾಡಿಕೊಂಡು ಆಮೇಲೆ ಕೊಡಿ. ಕೋಣೆ ಚಿಕ್ಕದಿರಲಿ, ಸ್ಟೀರಿಯೋ ಅಗಲ ಪೂರ್ತಿ ಇರಲಿ, ರಿವರ್ಬಿನ ಸದ್ದು ಮೂಲಕ್ಕಿಂತ ಬಹಳ ಕೆಳಗಿರಲಿ. "ಈಗ ರಿವರ್ಬ್ ಕೇಳಿಸ್ತಿದೆ" ಅನ್ನಿಸಿದ ಜಾಗದಿಂದ ಸ್ವಲ್ಪ ಹಿಂದಕ್ಕೆ ಬಂದು ನಿಲ್ಲಿಸಿ.

ಇದು ಯಾವುದಕ್ಕೆ ಒಗ್ಗುತ್ತದೆ ಅನ್ನುವುದು ಮೂಲ ರೆಕಾರ್ಡಿಂಗಿನಲ್ಲಿ ಎಷ್ಟು ಕೋಣೆ ಈಗಾಗಲೇ ಇದೆ ಅನ್ನುವುದರ ಮೇಲೆ ನಿಂತಿದೆ. ಸ್ಟುಡಿಯೋದಲ್ಲಿ ಮೈಕಿಗೆ ಹತ್ತಿರ ಕೂತು ಹಾಡಿದ ಭಾವಗೀತೆ ಒಣಗಿದ ಹಾಗಿರುತ್ತದೆ, ಅದಕ್ಕೆ ಒಳ್ಳೆಯದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸಿನಿಂದ ರೆಕಾರ್ಡ್ ಮಾಡಿಕೊಂಡ ಸ್ಟುಡಿಯೋ ಕಚೇರಿಗೂ ಒಗ್ಗುತ್ತದೆ. ಆದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಯಲ್ಲಿ ಯಾರೋ ರಸಿಕರು ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದದ್ದಾದರೆ? ಅದರಲ್ಲಿ ಸ್ಪೀಕರಿನ ಸದ್ದು, ಜನರ ಕೆಮ್ಮು, ಹೊರಗಿನ ಹಾರ್ನ್ ಎಲ್ಲಾ ಇರುತ್ತದೆ. ಅದಕ್ಕೆ ಮತ್ತೊಂದು ಕೋಣೆ ಹಚ್ಚಿದರೆ ಸಾಹಿತ್ಯ ಒಂದಕ್ಷರವೂ ತಿಳಿಯುವುದಿಲ್ಲ. ಅಂಥದ್ದಕ್ಕೆ ಕೂಡಿಸಿ-ಕಳೆಯುವ ದಾರಿಯನ್ನೇ ಕಮ್ಮಿ ಮಟ್ಟದಲ್ಲಿ ಹಿಡಿಯಿರಿ. ಜನರ ಗದ್ದಲ ಸುತ್ತ ಹರಡಿಕೊಂಡಾಗ ಮೈದಾನದಲ್ಲಿ ಕೂತ ಹಾಗೇ ಅನ್ನಿಸುತ್ತದೆ.

ಇದರ ತಮ್ಮನಂಥ ಕೋರಸ್ ಎಫೆಕ್ಟನ್ನು ಕೆಲವರು ಹೇಳುತ್ತಾರೆ. ಒಂದು ಕಾಪಿಯ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ, ಇನ್ನೊಂದನ್ನು ಇಳಿಸಿ ಎರಡು ಬದಿಗೆ ಹಾಕುವುದು. ಗಿಟಾರಿಗೆ ಸರಿ. ತಂಬೂರಿ ಇರುವ ಯಾವುದಕ್ಕೂ ಬೇಡ. ಕಲಾವಿದರು ಅರ್ಧ ಗಂಟೆ ಕೂತು ಕೂಡಿಸಿದ ಶ್ರುತಿಯನ್ನು ನಾವು ಯಾಕೆ ಕೆಡಿಸಬೇಕು?

ಎಐನಿಂದ ಬಿಡಿಸುವುದು

ನಿಜವಾಗಿ ವಾದ್ಯಗಳನ್ನು ಬೇರೆ ಬೇರೆ ಜಾಗದಲ್ಲಿ ಕೂರಿಸುವ ದಾರಿ ಇದೊಂದೇ. 2019ರಲ್ಲಿ ಆನ್‌ಲೈನಿನಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನುವ ಸಾಧನವನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಫೇಸ್‌ಬುಕ್ಕಿನ ಸಂಶೋಧಕರ ಡೀಮಕ್ಸ್ ಕೂಡ ಬಿಟ್ಟಿಯೇ. ಆಜ್ಞೆ ಟೈಪ್ ಮಾಡುವುದು ಕಷ್ಟ ಅನ್ನುವವರಿಗೆ ಅಲ್ಟಿಮೇಟ್ ವೋಕಲ್ ರಿಮೂವರ್ ಅನ್ನುವ, ಗುಂಡಿ ಒತ್ತಿ ನಡೆಸುವ ಸಾಫ್ಟ್‌ವೇರ್ ಇದೆ. ಹಾಡನ್ನು ಕೊಟ್ಟರೆ ದನಿ, ಡ್ರಮ್ಸ್, ಬಾಸ್, ಉಳಿದದ್ದು ಅಂತ ನಾಲ್ಕು ಫೈಲ್ ಮಾಡಿಕೊಡುತ್ತವೆ. ದನಿ ಮತ್ತು ಬಾಸ್ ಮಧ್ಯಕ್ಕೆ, ಡ್ರಮ್ಸ್ ಸ್ವಲ್ಪ ಒಂದು ಬದಿಗೆ, ಉಳಿದದ್ದನ್ನು ಇನ್ನೊಂದು ಬದಿಗೆ ಹಾಕಬಹುದು. ನಾಲ್ಕನ್ನೂ ಮತ್ತೆ ಕೂಡಿಸಿದರೆ ಹೆಚ್ಚುಕಮ್ಮಿ ಮೂಲ ಹಾಡೇ ಬರುತ್ತದೆ, ಹಾಗಾಗಿ ನಮ್ಮ ಮುಖ್ಯ ಅಳತೆಯಲ್ಲೂ ಪಾಸು.

ಹಳೇ ಸಿನಿಮಾ ಹಾಡಿಗೆ ಇದು ಚೆನ್ನಾಗಿ ಒಗ್ಗುತ್ತದೆ. ದನಿ ಬೇರೆ, ವಾದ್ಯವೃಂದ ಬೇರೆ ಅಂತ ಸ್ಪಷ್ಟವಾಗಿ ಇರುತ್ತದಲ್ಲ. "ಉಳಿದದ್ದು" ಅನ್ನುವ ಫೈಲಿಗೆ ಮೇಲೆ ಹೇಳಿದ ಕೂಡಿಸಿ-ಕಳೆಯುವ ಉಪಾಯ ಮಾಡಿ, ದನಿಯನ್ನು ಮುಟ್ಟದೆ ಬಿಟ್ಟರೆ ಇನ್ನೂ ಸೊಗಸು. ಪಿಟೀಲುಗಳು ಹಿಂದೆ ಹರಡಿಕೊಳ್ಳುತ್ತವೆ, ಗಾಯಕರು ಎದುರಿಗೆ ನಿಲ್ಲುತ್ತಾರೆ. ಒಂದು ಹಾಡಿಗೆ ಒಂದು ಸಂಜೆ ಕೊಡಲು ತಯಾರಿರುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ.

ಕರ್ನಾಟಕ ಸಂಗೀತಕ್ಕೆ ಬಂದಾಗ ಆಸೆ ಕಮ್ಮಿ ಇರಲಿ. ಆ ನಾಲ್ಕು ಹೆಸರುಗಳಲ್ಲಿ ವೀಣೆ, ಘಟ, ಮೋರ್ಚಿಂಗ್ ಎಲ್ಲಿವೆ? ಪಕ್ಕವಾದ್ಯದ ಪಿಟೀಲು ಗಾಯಕರ ಗಮಕವನ್ನು ನೆರಳಿನ ಹಾಗೆ ಹಿಂಬಾಲಿಸುವಾಗ ಯಾವುದು ದನಿ, ಯಾವುದು ಪಿಟೀಲು ಅಂತ ಯಂತ್ರ ತಡವರಿಸುತ್ತದೆ. ಒಂದು ಸಂಗತಿಯಲ್ಲಿ ಮಧ್ಯದಲ್ಲಿದ್ದ ಪಿಟೀಲು ಮುಂದಿನದರಲ್ಲಿ ಬದಿಗೆ ಹಾರುತ್ತದೆ. ಮೃದಂಗದ ಚಾಪು ಡ್ರಮ್ಸಿಗೆ ಹೋಗಿ, ಗುಮುಕಿ ಬಾಸಿಗೆ ಹೋದರೆ ಒಂದೇ ಮೃದಂಗ ಎರಡು ಜಾಗದಲ್ಲಿ. ಸುಯ್ ಸದ್ದು ಜಾಸ್ತಿ ಇರುವ ಟೇಪಿನಲ್ಲಿ ದನಿಗೆ ನೀರೊಳಗಿನ ಗುಳುಗುಳು ಸೇರಿಕೊಳ್ಳುವುದೂ ಉಂಟು. ವಾದ್ಯಗಳನ್ನು ತೀರಾ ಬದಿಗೆ ತಳ್ಳದೆ, ಕಾಲು ಭಾಗ ಮಾತ್ರ ಸರಿಸಿದರೆ ಈ ತಪ್ಪುಗಳು ಅಷ್ಟಾಗಿ ಕಾಣುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ನಿಧಾನ ಅಷ್ಟೇ. ಹಾಕಿಟ್ಟು ಕಾಫಿಗೆ ಹೋಗಿ ಬನ್ನಿ. ಮೂರು ಗಂಟೆಯ ಕಚೇರಿಯಾದರೆ ರಾತ್ರಿ ಹಾಕಿಟ್ಟು ಮಲಗಿ.

ಫೈಲನ್ನೇ ಮುಟ್ಟದಿರುವುದು

ಮನೆಯಲ್ಲಿ ಎರಡು ಸ್ಪೀಕರ್ ಇದ್ದವರು ಮೊದಲು ಇದನ್ನು ನೋಡಬೇಕು. ಒಂದೇ ಮೋನೋ ಸದ್ದು ಎರಡರಿಂದಲೂ ಬಂದರೆ ನಡುವೆ ಗಾಯಕರು ಕೂತ ಹಾಗೆ ಕೇಳುತ್ತದೆ, ನೀವು ಎರಡಕ್ಕೂ ಸಮದೂರದಲ್ಲಿ ಕೂತಿದ್ದರೆ. ಒಂದು ಸ್ಪೀಕರನ್ನು ಗೋಡೆಯ ಕಡೆಗೆ ಸ್ವಲ್ಪ ತಿರುಗಿಸಿ ನೋಡಿ. ಅದರ ಸದ್ದು ಗೋಡೆಗೆ ಬಡಿದು ತಡವಾಗಿ, ಮೆತ್ತಗೆ ಬರುತ್ತದೆ. ರಿವರ್ಬ್ ಬಿಟ್ಟಿಯಾಗಿ ಸಿಕ್ಕಿತು. ಅಪಾರ್ಟ್‌ಮೆಂಟಿನ ಖಾಲಿ ಗೋಡೆ, ಟೈಲ್ಸ್ ನೆಲ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಪಕ್ಕದ ಮನೆಯವರ ಗೋಡೆಯ ಕಡೆಗೆ ತಿರುಗಿಸಬೇಡಿ, ಅಷ್ಟೇ.

ಟಿವಿ, ಮೊಬೈಲುಗಳಲ್ಲಿ ಇರುವ ಸರೌಂಡ್ ಗುಂಡಿಗಳು ಇದೇ ಉಪಾಯಗಳ ಯಾವುದೋ ಮಿಶ್ರಣ. ಇಷ್ಟವಾದರೆ ಒತ್ತಿ, ಇಲ್ಲದಿದ್ದರೆ ಬಿಡಿ. ಫೈಲ್ ಹಾಗೇ ಇರುವುದರಿಂದ ನಷ್ಟವಿಲ್ಲ. ನೂರಾರು ಕ್ಯಾಸೆಟ್ ಇಳಿಸಿ, ಒಂದೊಂದಕ್ಕೂ ಕೂರಲು ಪುರುಸೊತ್ತಿಲ್ಲದವರಿಗೆ ಇದೇ ಸಾಕು.

ಎಫ್‌ಎಂನಿಂದ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಬೆಂಗಳೂರಿನ 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಕೇಳುವಾಗ ಸಿಗ್ನಲ್ ಕುಗ್ಗಿದರೆ ಅನೇಕ ರೇಡಿಯೋಗಳು ತಾವೇ ಮೋನೋಗೆ ಇಳಿದುಬಿಡುತ್ತವೆ. ಆಂಟೆನಾವನ್ನು ಕಿಟಕಿಯ ಹತ್ತಿರ ತಂದರೆ ಸ್ಟೀರಿಯೋ ವಾಪಸ್ ಬರಬಹುದು. ಆ ಐದು ನಿಮಿಷದ ಕೆಲಸ ಮೇಲಿನ ಎಲ್ಲಕ್ಕಿಂತ ಲಾಭ.

ಮಾತಿಗೆ, ಮನೆಯವರ ದನಿಗೆ

ಹರಿಕಥೆ, ಭಾಷಣ, ಅಜ್ಜಿ ಹೇಳಿದ ಕಥೆ, ಇವಕ್ಕೆ ನನ್ನ ಸಲಹೆ: ಮೋನೋ ಆಗಿಯೇ ಬಿಡಿ. ಒಬ್ಬರ ಬಾಯಿಂದ ಬಂದ ಮಾತು ಒಂದು ಜಾಗದಿಂದ ಬರುವುದೇ ಸರಿ. ಅಗಲ ಮಾಡಿದಷ್ಟೂ ಅಕ್ಷರ ಮಸುಕಾಗುತ್ತದೆ. ಸುಯ್ ಸದ್ದು ತಗ್ಗಿಸುವುದಕ್ಕೆ ಆ ಹೊತ್ತನ್ನು ಕೊಡಿ. ಹೆಡ್‌ಫೋನಿನಲ್ಲಿ ತಲೆಯೊಳಗೆ ಕೂತ ಹಾಗೆ ಅನ್ನಿಸುವುದು ತೀರಾ ಕಿರಿಕಿರಿಯಾದರೆ ಚಿಟಿಕೆಯಷ್ಟು ಚಿಕ್ಕ ಕೋಣೆಯ ರಿವರ್ಬ್, ಅದಕ್ಕಿಂತ ಜಾಸ್ತಿ ಬೇಡ. ಹರಿಕಥೆಯಲ್ಲಿ ನಡುನಡುವೆ ಹಾಡು ಬರುತ್ತದಲ್ಲ ಅಂತ ಅಲ್ಲಿ ಮಾತ್ರ ಅಗಲ ಮಾಡಲು ಹೋಗಬೇಡಿ. ದಾಸರು ಮಾತಿನಿಂದ ಪದಕ್ಕೆ ಹೋದಾಗಲೆಲ್ಲ ಹಾಲ್ ಬದಲಾದ ಹಾಗೆ ಕೇಳುತ್ತದೆ.

ಕೇಳುವವರಿಗೆ ಒಂದು ಕಿವಿ ಮಂದವಾಗಿದ್ದರಂತೂ ಯೋಚನೆಯೇ ಬೇಡ. ಎಐನಲ್ಲಿ ಬದಿಗೆ ತಳ್ಳಿದ ವಾದ್ಯ ಅವರಿಗೆ ಅರ್ಧ ಕಳೆದುಹೋಗುತ್ತದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಅಂತ ಇದೆ, ಅದನ್ನು ಹಾಕಿಕೊಡಿ. ಅದು ಹಾಕಿದ ಫೋನಿನಲ್ಲಿ ನೀವು ಮಾಡಿದ ಫೈಲನ್ನು ಒಮ್ಮೆ ಕೇಳಿ. ಎರಡು ಚಾನೆಲ್ ಒಂದಾದಾಗ ಏನಾಗುತ್ತದೆ ಅನ್ನುವ ಪರೀಕ್ಷೆಯೂ ಅಲ್ಲೇ ಆಗಿಹೋಗುತ್ತದೆ.

ಹೋಲಿಸಿ ನೋಡುವಾಗ ಮೂಲ ಮತ್ತು ಹೊಸದರ ಜೋರು ಸಮ ಮಾಡಿಕೊಂಡೇ ಕೇಳಿ. ಒಂದಿಷ್ಟು ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಕಾಪಿಗಳನ್ನು ಕೂಡಿಸಿದಾಗ ಸದ್ದು ಏರಿ ತುದಿ ಒಡೆಯುವುದೂ ಉಂಟು, ಹಾಗಾಗಿ ಒಟ್ಟು ಮಟ್ಟವನ್ನು ಸ್ವಲ್ಪ ಇಳಿಸಿಕೊಂಡೇ ಉಳಿಸಿ. ಎಂಪಿ3 ಮಾಡುವುದಾದರೆ 192 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬೇಡಿ, ಮೋನೋಗೆ ಸಾಲುತ್ತಿದ್ದ 64 ಇಲ್ಲಿ ಸಾಲುವುದಿಲ್ಲ. ಮೂಲ ಮೋನೋ ಫೈಲನ್ನು ಫ್ಲ್ಯಾಕ್ (ಸದ್ದಿನ ಗುಣ ಕೆಡದ ಫೈಲ್ ಮಾದರಿ) ಮಾಡಿ ಬೇರೆ ಫೋಲ್ಡರಿನಲ್ಲಿ ಇಡಿ. ನಾಳೆ ಇನ್ನೂ ಒಳ್ಳೆಯ ಎಐ ಬಂದಾಗ ಬೇಕಾಗುವುದು ಅದೇ.